ಮುಟ್ಟು ನಿಂತ ಮೇಲೆ: ಅಗಸೆ, ಶತಾವರಿ, ಮಂಗರವಳ್ಳಿ ಎಷ್ಟು ಕೆಲಸಕ್ಕೆ ಬರುತ್ತವೆ?

ಹಿಂದಿನ ಸಂಚಿಕೆಯಲ್ಲಿ ಮುಟ್ಟು ನಿಲ್ಲುವ ವಯಸ್ಸಿನ ಬಗ್ಗೆ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿರುವುದು ಬೇರು, ಬೀಜ, ಸೊಪ್ಪು, ಪುಡಿಗಳ ವಿಷಯ. ಹೆಸರು ಬಿಟ್ಟು, ಊರು ಮಾತ್ರ ಉಳಿಸಿಕೊಂಡು, ಕೆಲವಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ನನಗೆ 49 ವರ್ಷ. ಮುಟ್ಟಾಗಿ ಎಂಟು ತಿಂಗಳಾಯಿತು. ದಿನಕ್ಕೆ ಏಳೆಂಟು ಸಲ ಎದೆಯಿಂದ ಮುಖದವರೆಗೆ ಝಳ ಹೊಡೆದಂತಾಗಿ ಬೆವರು ಕಿತ್ತುಕೊಂಡು ಬರುತ್ತದೆ. ರಾತ್ರಿ ನಿದ್ದೆ ಇಲ್ಲ. ಅಗಸಿ ಹಿಂಡಿ ನಮ್ಮ ಮನೆಯಲ್ಲಿ ಮೊದಲಿಂದ ಇದ್ದದ್ದೇ. ಅದನ್ನೇ ಜಾಸ್ತಿ ತಿನ್ನು, ಸಾಕು ಅಂತ ಅಕ್ಕ ಹೇಳುತ್ತಾಳೆ. ಮೆಡಿಕಲ್ ಶಾಪ್‌ನವರು ಸೋಯಾ ಮಾತ್ರೆ ಕೊಟ್ಟಿದ್ದಾರೆ. ಯಾವುದು ಸರಿ, ಮೇಡಂ? — ವಿಜಯಪುರ

ಉತ್ತರ: ಅಕ್ಕನ ಮಾತಿನಲ್ಲಿ ಹುರುಳಿಲ್ಲ ಅನ್ನಲಾರೆ. ಅಗಸೆಯಲ್ಲಿ ಲಿಗ್ನಾನ್ ಇದೆ, ಸೋಯಾದಲ್ಲಿ ಐಸೊಫ್ಲೇವೋನ್ ಇದೆ. ಎರಡೂ ಈಸ್ಟ್ರೋಜನ್ ಹಾರ್ಮೋನನ್ನು ಸ್ವಲ್ಪ ಹೋಲುತ್ತವೆ, ಶಕ್ತಿ ಮಾತ್ರ ತೀರಾ ಕಡಿಮೆ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಇಳಿಯುತ್ತದೆ. ಆಗ ಮೈಯ ಬಿಸಿಯನ್ನು ನೋಡಿಕೊಳ್ಳುವ ಮೆದುಳಿನ ಭಾಗ ಒಂಚೂರು ಬಿಸಿಯಾದರೂ ಗಾಬರಿಬಿದ್ದು ಬೆವರು ಹರಿಸುತ್ತದೆ. ಈಸ್ಟ್ರೋಜನ್ ತರಹದ್ದನ್ನು ತಿಂದರೆ ಇದು ತಗ್ಗಬೇಕಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ.

ಆದರೆ ಪರೀಕ್ಷೆ ಮಾಡಿ ನೋಡಿದಾಗ ಅಷ್ಟು ಸಿಕ್ಕಿಲ್ಲ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 188 ಹೆಂಗಸರಿದ್ದರು. ಅರ್ಧ ಜನರಿಗೆ ಆರು ವಾರ ದಿನಾ ಅಗಸೆ ಸೇರಿಸಿದ ತಿಂಡಿ, ಉಳಿದವರಿಗೆ ನೋಡಲು ಅದರಂತೆಯೇ ಇರುವ, ಅಗಸೆ ಇಲ್ಲದ ತಿಂಡಿ. ಎರಡೂ ಗುಂಪಿನಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಜನರಿಗೆ ಝಳ ಅರ್ಧಕ್ಕೆ ಇಳಿದಿತ್ತು! ಅಂದರೆ ಕಡಿಮೆಯಾಗಿದ್ದು ನಿಜ, ಅಗಸೆಯಿಂದ ಆಯಿತು ಅನ್ನಲು ಆಗಲಿಲ್ಲ. ಝಳ ತಾನಾಗಿಯೂ ಏರಿಳಿಯುತ್ತದೆ, ಔಷಧಿಯೇ ಇಲ್ಲದ ಗುಳಿಗೆ ಕೊಟ್ಟರೂ ಬಹಳ ಜನರಿಗೆ ತಗ್ಗುತ್ತದೆ. ಹಾಗಾಗಿ ‘ನನಗೆ ಇದರಿಂದ ವಾಸಿಯಾಯ್ತು’ ಅನ್ನುವವರು ಸುಳ್ಳು ಹೇಳುತ್ತಿಲ್ಲ, ಆದರೆ ನಿಮಗೂ ಆಗುತ್ತದೆ ಅಂತ ಅದರಿಂದ ಹೇಳಲು ಬರುವುದಿಲ್ಲ.

ಸೋಯಾದ್ದು ಸ್ವಲ್ಪ ಮೇಲು. ಕೆಲವು ಅಧ್ಯಯನಗಳಲ್ಲಿ ಝಳದ ಸಂಖ್ಯೆ ಸ್ವಲ್ಪ ಕಡಿಮೆಯಾಗಿದೆ, ಕೆಲವದರಲ್ಲಿ ಏನೂ ಇಲ್ಲ. ನಮ್ಮ ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಸೋಯಾದಲ್ಲಿರುವುದನ್ನು ಈಕ್ವಾಲ್ ಅನ್ನುವ ಹೆಚ್ಚು ಚುರುಕಾದ ವಸ್ತುವಾಗಿ ಮಾರ್ಪಡಿಸುತ್ತವೆ, ಆ ಬ್ಯಾಕ್ಟೀರಿಯಾ ಎಲ್ಲರಲ್ಲೂ ಇರುವುದಿಲ್ಲ. ಫಲ ಒಬ್ಬೊಬ್ಬರಿಗೆ ಒಂದೊಂದು ತರಹ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಅಮೆರಿಕದ ಮೆನೋಪಾಸ್ ಸೊಸೈಟಿ 2023ರಲ್ಲಿ ಎಲ್ಲವನ್ನೂ ಜಾಲಾಡಿ, ಝಳಕ್ಕೆ ಸೋಯಾ ಮಾತ್ರೆಯನ್ನಾಗಲಿ, ಬ್ಲ್ಯಾಕ್ ಕೊಹೊಶ್ ಅನ್ನುವ ಬೇರನ್ನಾಗಲಿ ಶಿಫಾರಸು ಮಾಡುವುದಿಲ್ಲ ಎಂದಿತು. ಬ್ಲ್ಯಾಕ್ ಕೊಹೊಶ್ ತೆಗೆದುಕೊಂಡ ಕೆಲವರಲ್ಲಿ ಲಿವರ್ ಕೆಟ್ಟ ಉದಾಹರಣೆಗಳೂ ಇವೆ. ನಮ್ಮಲ್ಲಿ ತುಂಬಾ ಬರೆದುಕೊಡುವ ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಕ್ಯಾಪ್ಸೂಲ್ ಕೂಡ 1994ರಲ್ಲೇ ಬ್ರಿಟನ್ನಿನ ಒಂದು ಪರೀಕ್ಷೆಯಲ್ಲಿ ಸುಳ್ಳು ಗುಳಿಗೆಗಿಂತ ಮೇಲಾಗಿ ಕಾಣಲಿಲ್ಲ.

ಹಾಗಂತ ಅಗಸಿ ಹಿಂಡಿ ಬಿಡಬೇಡಿ. ಒಳ್ಳೆಯ ಕೊಬ್ಬು ಇದೆ, ನಾರು ಇದೆ, ಮಲಬದ್ಧತೆಗೂ ಒಳ್ಳೆಯದು. ಪುಡಿ ಮಾಡಿಯೇ ತಿನ್ನಿ, ಇಡೀ ಬೀಜ ಹಾಗೆ ಹಾಗೆಯೇ ಹೊರಗೆ ಹೋಗುತ್ತದೆ. ಊಟವಾಗಿ ತಿನ್ನಿ, ಔಷಧಿಯ ಭಾರ ಅದರ ಮೇಲೆ ಹೊರಿಸಬೇಡಿ.

ನಿಮ್ಮ ತೊಂದರೆಗೆ ನಿಜವಾಗಿ ಕೆಲಸ ಮಾಡುವ ಚಿಕಿತ್ಸೆ ಇದೆ. ಹಾರ್ಮೋನ್ ಮಾತ್ರೆ ಝಳವನ್ನು ಸುಮಾರು ಮುಕ್ಕಾಲು ಪಾಲು ತಗ್ಗಿಸುತ್ತದೆ. ಅದರ ಹೆಸರು ಕೇಳಿದರೆ ಕ್ಯಾನ್ಸರ್ ಭಯ, ಅಲ್ವಾ? ಆ ಭಯ ಹಬ್ಬಿದ್ದು 2002ರ ಅಮೆರಿಕದ ದೊಡ್ಡ ಅಧ್ಯಯನದಿಂದ. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಎರಡು ಹಾರ್ಮೋನ್ ಸೇರಿದ ಮಾತ್ರೆ ತೆಗೆದುಕೊಂಡ 10,000 ಹೆಂಗಸರಲ್ಲಿ ವರ್ಷಕ್ಕೆ ಸ್ತನ ಕ್ಯಾನ್ಸರ್ ಸುಮಾರು 8 ಹೆಚ್ಚು ಕಂಡಿತು. 60 ವರ್ಷದೊಳಗೆ ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಶುರು ಮಾಡುವ, ಬೇರೆ ಕಾಯಿಲೆ ಇಲ್ಲದ ಹೆಂಗಸರಿಗೆ ಸಾಮಾನ್ಯವಾಗಿ ಲಾಭವೇ ಜಾಸ್ತಿ. ಸ್ತನ ಕ್ಯಾನ್ಸರ್ ಆದವರಿಗೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ, ಸ್ಟ್ರೋಕ್ ಆದವರಿಗೆ, ಲಿವರ್ ತೊಂದರೆ ಇರುವವರಿಗೆ ಬೇಡ. ಅಂಥವರಿಗೂ ಹಾರ್ಮೋನ್ ಅಲ್ಲದ ಮಾತ್ರೆಗಳಿವೆ, ಝಳದ ಕಾಟವನ್ನು ನಿಭಾಯಿಸಲು ಕಲಿಸುವ ಕೌನ್ಸೆಲಿಂಗ್ ಕೂಡ ಇದೆ.

ಇನ್ನೊಂದು ಮಾತು. ಹನ್ನೆರಡು ತಿಂಗಳು ಪೂರ್ತಿ ಆಗದೆ ಮುಟ್ಟು ನಿಂತಿತು ಅನ್ನುವಂತಿಲ್ಲ, ಈಗಲೂ ಗರ್ಭ ನಿಲ್ಲಬಹುದು. ಥೈರಾಯ್ಡ್ ಒಂದು ಸಲ ನೋಡಿಸಿ. ರಾತ್ರಿ ಬೆವರಿನ ಜೊತೆ ಜ್ವರ, ಕೆಮ್ಮು, ತೂಕ ಇಳಿಯುವುದು ಇದ್ದರೆ ಅದನ್ನು ಮುಟ್ಟಿನ ತಲೆಗೆ ಕಟ್ಟದೆ ಕ್ಷಯದ ಪರೀಕ್ಷೆಯನ್ನೂ ಮಾಡಿಸಿ.

ಪ್ರಶ್ನೆ: ವಯಸ್ಸು 57. ಬಚ್ಚಲಲ್ಲಿ ಜಾರಿ ಬಿದ್ದು ಮುಂಗೈ ಮೂಳೆ ಮುರಿಯಿತು. ಪ್ಲಾಸ್ಟರ್ ಬಿಚ್ಚಿ ಆಯಿತು. ಮಂಗರವಳ್ಳಿ ಮೂಳೆ ಕೂಡಿಸುತ್ತದೆ ಅಂತ ಅತ್ತೆ ದಿನಾ ಅದರ ಚಟ್ನಿ ಮಾಡಿಕೊಡುತ್ತಾರೆ. ಇದರಿಂದ ಮೂಳೆ ಸವೆತವೂ ನಿಲ್ಲುತ್ತದೆಯೇ? ಕ್ಯಾಂಪಿನಲ್ಲಿ ಹಿಮ್ಮಡಿ ಇಟ್ಟು ಮಷಿನ್‌ನಲ್ಲಿ ನೋಡಿ ‘ಪರವಾಗಿಲ್ಲ’ ಅಂದರು. — ಶಿರಸಿ

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ನಿಮ್ಮದು. ನಿಂತ ಎತ್ತರದಿಂದ ಬಿದ್ದು ಈ ವಯಸ್ಸಿನಲ್ಲಿ ಮೂಳೆ ಮುರಿದರೆ ಬಚ್ಚಲಿನ ಪಾಚಿಯನ್ನು ಬೈದು ಸುಮ್ಮನಾಗಬಾರದು. ಅದು ಒಳಗೆ ಮೂಳೆ ಟೊಳ್ಳಾಗಿರುವ ಮೊದಲ ಸೂಚನೆ ಇರಬಹುದು. ಮೊದಲು ಮುಂಗೈ, ಆಮೇಲೆ ಬೆನ್ನುಮೂಳೆ, ಕೊನೆಗೆ ಸೊಂಟದ ಚಪ್ಪೆ, ಎಷ್ಟೋ ಹೆಂಗಸರಲ್ಲಿ ಇದೇ ಸಾಲು. ಚಪ್ಪೆ ಮುರಿದವರಲ್ಲಿ ಬಹಳ ಜನ ಮತ್ತೆ ಮೊದಲಿನಂತೆ ಓಡಾಡುವುದಿಲ್ಲ. ಮುಂಗೈ ಮುರಿದಾಗಲೇ ಎಚ್ಚೆತ್ತರೆ ಉಳಿದದ್ದನ್ನು ತಡೆಯಲು ಸಮಯವಿದೆ.

ಮೂಳೆ ಸುಮ್ನೆ ಇರುವ ಕಲ್ಲಲ್ಲ. ಹಳೆಯದನ್ನು ಕೆರೆದು ತೆಗೆಯುವ ಜೀವಕೋಶಗಳಿವೆ, ಹೊಸದು ಕಟ್ಟುವ ಜೀವಕೋಶಗಳಿವೆ. ಈಸ್ಟ್ರೋಜನ್ ಕೆರೆಯುವವನ್ನು ಹಿಡಿತದಲ್ಲಿ ಇಟ್ಟಿರುತ್ತದೆ. ಅದು ಹೋದ ಮೇಲೆ ಕೆರೆಯುವುದೇ ಜಾಸ್ತಿ. ಮುಟ್ಟು ನಿಂತ ಮೊದಲ ಐದಾರು ವರ್ಷದಲ್ಲಿ ಮೂಳೆಯ ಸಾಂದ್ರತೆ ಕೆಲವರಲ್ಲಿ ಶೇ. 20ರವರೆಗೂ ಇಳಿಯುತ್ತದೆ. ನೋವೇನೂ ಇರುವುದಿಲ್ಲ, ಮುರಿಯುವವರೆಗೆ ಗೊತ್ತೇ ಆಗುವುದಿಲ್ಲ. ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46, 47ರ ಹೊತ್ತಿಗೆ, ಪಶ್ಚಿಮದ ದೇಶಗಳಲ್ಲಿ 51ರ ಸುಮಾರಿಗೆ. ಅಂದರೆ ಈ ಸವೆತ ನಮಗೆ ನಾಲ್ಕೈದು ವರ್ಷ ಮೊದಲೇ ಶುರುವಾಗುತ್ತದೆ.

ಮಂಗರವಳ್ಳಿಗೆ ಸಂಸ್ಕೃತದ ವೈದ್ಯಗ್ರಂಥಗಳಲ್ಲೂ ಮೂಳೆ ಕೂಡಿಸುವ ಬಳ್ಳಿ ಎಂಬ ಹೆಸರಿದೆ. ಅದರ ಮೇಲೆ ಕೆಲಸವೂ ನಡೆದಿದೆ. ಆದರೆ ಬಹುಪಾಲು ಇಲಿಗಳ ಮೇಲೆ ಆದದ್ದು, ಮನುಷ್ಯರ ಮೇಲಿನದು ಸಣ್ಣ ಸಣ್ಣ ಪ್ರಯೋಗ. ಮುಟ್ಟು ನಿಂತ ಹೆಂಗಸರಲ್ಲಿ ಅದು ಮುಂದಿನ ಫ್ರಾಕ್ಚರ್ ತಪ್ಪಿಸುತ್ತದೆ ಅಂತ ಯಾರೂ ತೋರಿಸಿಲ್ಲ. ಅತ್ತೆ ಹುಣಸೆಹುಳಿ ಹಾಕಿ ಚೆನ್ನಾಗಿ ಹುರಿದು ಮಾಡಿದ ಚಟ್ನಿಯನ್ನು ಪ್ರೀತಿಯಿಂದ ತಿನ್ನಿ, ಹಸಿಯಾಗಿ ಬೇಡ, ಗಂಟಲು ತುರಿಸುತ್ತದೆ. ಚಟ್ನಿ ತಿನ್ನುತ್ತಿದ್ದೇನೆ ಅಂತ ಪರೀಕ್ಷೆ ಮುಂದೂಡುವುದು ಮಾತ್ರ ಬೇಡವೇ ಬೇಡ.

ಹಿಮ್ಮಡಿಯ ಮಷಿನ್ ವಿಷಯ. ಅದು ಅಲ್ಟ್ರಾಸೌಂಡ್. ಅದರಿಂದ ಮೂಳೆ ಸವೆತ ಇದೆ ಅಂತಲೂ ಇಲ್ಲ ಅಂತಲೂ ತೀರ್ಮಾನಿಸುವಂತಿಲ್ಲ. ಕ್ಯಾಂಪಿನಲ್ಲಿ ನೋಡಿಸಿ ನಿಶ್ಚಿಂತೆಯಾಗಿ ಮನೆಗೆ ಹೋದವರು ಎಷ್ಟೋ, ಅದೇ ಮಷಿನ್ ನೋಡಿ ಹೆದರಿ ಡಬ್ಬಿಗಟ್ಟಲೆ ಪುಡಿ ಕೊಂಡವರೂ ಎಷ್ಟೋ. ಬೇಕಾದದ್ದು ಸೊಂಟ ಮತ್ತು ಬೆನ್ನುಮೂಳೆಯ ಡೆಕ್ಸಾ ಸ್ಕ್ಯಾನ್, ಅಂದರೆ ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ. ನಿಮ್ಮೂರಿನಲ್ಲಿ ಸಿಗದಿದ್ದರೆ ಹುಬ್ಬಳ್ಳಿಗಾದರೂ ಒಂದು ಸಲ ಹೋಗಿ ಬನ್ನಿ. ವರದಿಯಲ್ಲಿ ಟಿ ಸ್ಕೋರ್ ಅಂತ ಇರುತ್ತದೆ. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಸವೆತ ಶುರುವಾಗಿದೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಜೊತೆಗೆ ವಿಟಮಿನ್ ಡಿ, ಕ್ಯಾಲ್ಸಿಯಂ, ಥೈರಾಯ್ಡ್, ಕಿಡ್ನಿ ನೋಡಿಸಿ.

ಔಷಧಿ ಬೇಕಾದರೆ ಅಲೆಂಡ್ರೊನೇಟ್ ಅಂತ ವಾರಕ್ಕೊಂದು ಮಾತ್ರೆ ಇದೆ. ಬೆನ್ನುಮೂಳೆ ಮುರಿಯುವುದನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ಇಷ್ಟು ತೋರಿಸಿದ ಗಿಡಮೂಲಿಕೆ ಒಂದೂ ಇಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು, ಕಾಫಿಯೂ ಇಲ್ಲ. ಆ ನಿಯಮ ತಪ್ಪಿದರೆ ಅನ್ನನಾಳ ಸುಡುತ್ತದೆ. ಅದು ಆಗದವರಿಗೆ ವರ್ಷಕ್ಕೊಂದು ಸಲ ಡ್ರಿಪ್‌ನಲ್ಲಿ ಕೊಡುವ ಔಷಧಿಯೂ ಉಂಟು. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿ, ಡಾಕ್ಟರಿಗೂ ಹೇಳಿ.

ಬಚ್ಚಲಿಗೆ ಒಂದು ಹಿಡಿಕೆ ಹಾಕಿಸಿ. ಇದು ಯಾವ ಔಷಧಿಗೂ ಕಡಿಮೆಯಲ್ಲ.

ಪ್ರಶ್ನೆ: ದಿನಾ ರಾಗಿಮುದ್ದೆ ತಿನ್ನುವವರಿಗೆ ಕ್ಯಾಲ್ಸಿಯಂ ಮಾತ್ರೆ ಯಾಕೆ? ಡಾಕ್ಟರ್ ಬರೆದುಕೊಟ್ಟಿದ್ದಾರೆ, ತಿಂದರೆ ಹೊಟ್ಟೆ ಕಟ್ಟುತ್ತದೆ. — ತುಮಕೂರು

ಉತ್ತರ: ಲೆಕ್ಕ ಹಾಕೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಹತ್ತಿರಕ್ಕೂ ಬರುವುದಿಲ್ಲ. ಮುಟ್ಟು ನಿಂತವರಿಗೆ ದಿನಕ್ಕೆ ಬೇಕಾದ್ದು 1,200 ಮಿಲಿಗ್ರಾಂ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ಒಂದು ಮುದ್ದೆ, ಎರಡು ಲೋಟ ಹಾಲು ಅಥವಾ ಮೊಸರು ಮಜ್ಜಿಗೆ, ಒಂದು ಹಿಡಿ ನುಗ್ಗೆಸೊಪ್ಪಿನ ಪಲ್ಯ, ಒಂದು ಚಮಚ ಎಳ್ಳಿನ ಪುಡಿ ಇದ್ದರೆ ಆ ಸಂಖ್ಯೆಗೆ ಹತ್ತಿರ ಬರುತ್ತೀರಿ. ಮುದ್ದೆ ಒಂದೇ ಆದರೆ ಬರುವುದಿಲ್ಲ.

ರಾಗಿಯಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ಫೈಟೇಟ್ ಅನ್ನುವ ವಸ್ತು ಇರುವುದರಿಂದ ಇರುವ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಅದು ಕಡಿಮೆ. ಮಕ್ಕಳಿಗೆ ರಾಗಿ ಸರಿ ಮಾಡುವಾಗ ಮೊಳಕೆ ಕಟ್ಟುತ್ತಿದ್ದ ಅಜ್ಜಿಯರ ಕ್ರಮ ದೊಡ್ಡವರಿಗೂ ಒಳ್ಳೆಯದೇ. ಎಳ್ಳಿನಲ್ಲಿ 100 ಗ್ರಾಮಿಗೆ ಸಾವಿರ ಮಿಲಿಗ್ರಾಂಗೂ ಮೇಲೆ ಇದೆ, ಆದರೆ ಸಿಪ್ಪೆ ತೆಗೆಯದ ಎಳ್ಳಿನಲ್ಲಿ. ಬೆಳ್ಳಗೆ ಪಾಲಿಶ್ ಮಾಡಿದ್ದರಲ್ಲಿ ಬಹಳಷ್ಟು ಹೋಗಿಬಿಟ್ಟಿರುತ್ತದೆ. ನಾಗರಪಂಚಮಿಗೆ ಮಾತ್ರ ಚಿಗಳಿ ಮಾಡಿ ಉಳಿದ ವರ್ಷವೆಲ್ಲ ಎಳ್ಳನ್ನು ಮರೆಯುವುದೇಕೆ? ಪಾಲಕ್ ಮಾತ್ರ ಈ ಲೆಕ್ಕಕ್ಕೆ ಬೇಡ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಬಿಟ್ಟುಕೊಡುವುದಿಲ್ಲ.

ಊಟದಲ್ಲಿ ಸಾಲದಷ್ಟನ್ನು ಮಾತ್ರ ಮಾತ್ರೆಯಿಂದ ತುಂಬಿಸಿ. ಒಂದು ಸಲಕ್ಕೆ 500 ಮಿಲಿಗ್ರಾಂ ಮೀರಬಾರದು. ಕಾರ್ಬೊನೇಟ್ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಿ. ಹೊಟ್ಟೆ ಕಟ್ಟಿದರೆ ಸಿಟ್ರೇಟ್ ಕೊಡಿ ಅಂತ ಡಾಕ್ಟರಿಗೆ ಕೇಳಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ವಿಟಮಿನ್ ಡಿ ಕೊರತೆ ಇದ್ದರೆ ಎಷ್ಟು ಕ್ಯಾಲ್ಸಿಯಂ ತಿಂದರೂ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆದರೆ ವಾರಕ್ಕೊಂದು 60,000 ಯೂನಿಟ್‌ನ ಪುಡಿಯನ್ನು ವರ್ಷಗಟ್ಟಲೆ ನೀವೇ ಕೊಂಡು ತಿನ್ನಬೇಡಿ, ಅದು ಜಾಸ್ತಿಯಾದರೂ ಅಪಾಯ.

ಪ್ರಶ್ನೆ: ಸ್ತನ ಕ್ಯಾನ್ಸರ್ ಆಪರೇಶನ್ ಆಗಿ ಲೆಟ್ರೊಜೋಲ್ ತೆಗೆದುಕೊಳ್ಳುತ್ತಿದ್ದೇನೆ. ಝಳ, ಕೀಲು ನೋವು ತಡೆಯಲಾಗುತ್ತಿಲ್ಲ. ಶತಾವರಿ ತಿನ್ನಬಹುದಾ? ಸೋಯಾ ಮುಟ್ಟಲೇಬಾರದು ಅಂತಾರೆ, ನಿಜವಾ? — ಮಂಗಳೂರು

ಉತ್ತರ: ನಿಮ್ಮ ಕಷ್ಟ ಅರ್ಥವಾಗುತ್ತದೆ. ಆ ಮಾತ್ರೆಯ ಕೆಲಸವೇ ಮೈಯಲ್ಲಿ ಉಳಿದ ಈಸ್ಟ್ರೋಜನ್ನನ್ನು ತಗ್ಗಿಸುವುದು, ಹಾಗಾಗಿ ಝಳವೂ ಕೀಲು ನೋವೂ ಬರುತ್ತದೆ. ಮೂಳೆಯನ್ನೂ ಬೇಗ ಸವೆಸುತ್ತದೆ. ಡೆಕ್ಸಾ ಆಗಿಲ್ಲದಿದ್ದರೆ ಮುಂದಿನ ಸಲ ಹೋದಾಗ ಕೇಳಿ ಮಾಡಿಸಿಕೊಳ್ಳಿ.

ಸೋಯಾವನ್ನು ಊಟದಲ್ಲಿ, ತೋಫು, ಚಂಕ್ಸ್ ತರಹ, ಮಿತವಾಗಿ ತಿಂದರೆ ತೊಂದರೆ ಇಲ್ಲ. ಮಾತ್ರೆಯಾಗಿ ಸಾರ ತೆಗೆದು ತುಂಬಿದ್ದು ಬೇಡ. ಶತಾವರಿಯೂ ಬೇಡ ಅನ್ನುತ್ತೇನೆ. ನಮ್ಮ ಹಳ್ಳಿಗಳಲ್ಲಿ ಹಲವು ಮಕ್ಕಳ ತಾಯಿ ಬೇರು ಅನ್ನುವುದು ಇದನ್ನೇ, ಬಾಣಂತಿಯರಿಗೆ ಹಾಲು ಹೆಚ್ಚಲಿ ಅಂತ ಕೊಡುತ್ತಾ ಬಂದಿದ್ದಾರೆ. ಝಳಕ್ಕೆ ಕೊಟ್ಟು ನೋಡಿದ ಪ್ರಯೋಗಗಳು ಸಣ್ಣವು, ಕೆಲವೇ ವಾರಗಳವು. ನಿಮ್ಮಂಥವರಿಗೆ ಸುರಕ್ಷಿತ ಅಂತ ಹೇಳುವಷ್ಟು ಆಧಾರ ಇಲ್ಲ. ವೆನ್‌ಲಾಫ್ಯಾಕ್ಸಿನ್, ಗಾಬಾಪೆಂಟಿನ್ ಅನ್ನುವ ಮಾತ್ರೆಗಳು ಕ್ಯಾನ್ಸರ್ ಆದವರ ಝಳಕ್ಕೆ ಬಳಕೆಯಲ್ಲಿವೆ, ನಿಮ್ಮ ಕ್ಯಾನ್ಸರ್ ಡಾಕ್ಟರ್ ಹತ್ತಿರ ಹೆಸರು ಹೇಳಿಯೇ ಕೇಳಿ. ಲೆಟ್ರೊಜೋಲನ್ನು ಮಾತ್ರ ನೀವೇ ನಿಲ್ಲಿಸಬೇಡಿ ಅಮ್ಮ.

ಪ್ರಶ್ನೆ: ಅವ್ವನಿಗೆ 64 ವರ್ಷ. ಮಂಡಿ ನೋವಿಗೆ ಸಂತೆಯಲ್ಲಿ ಕೊಡುವ ನಾಟಿ ಪುಡಿ ಎರಡು ವರ್ಷದಿಂದ ತಿನ್ನುತ್ತಾಳೆ. ನೋವು ಮಾಯ. ಆದರೆ ಮುಖ ಊದಿದೆ, ಬೆನ್ನು ಬಾಗಿದೆ, ಎತ್ತರವೂ ಕಡಿಮೆಯಾದಂತಿದೆ. — ದಾವಣಗೆರೆ

ಉತ್ತರ: ಅವ್ವನನ್ನು ಈ ವಾರವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಪುಡಿಯ ಪೊಟ್ಟಣವೂ ಜೊತೆಗಿರಲಿ. ನೋವು ಎರಡೇ ದಿನದಲ್ಲಿ ಮಾಯ ಮಾಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಮುಖ ಊದುವುದು ಅದರದೇ ಗುರುತು ಇರಬಹುದು. ಸ್ಟೀರಾಯ್ಡ್ ಮೂಳೆಯನ್ನು ಟೊಳ್ಳು ಮಾಡುತ್ತದೆ. ಎತ್ತರ ಕಡಿಮೆಯಾಗಿ ಬೆನ್ನು ಬಾಗಿದೆ ಅಂದರೆ ಬೆನ್ನುಮೂಳೆ ಒಳಗೇ ಕುಸಿದಿರಬಹುದು, ಎಕ್ಸ್‌ರೇ ಬೇಕು.

ಪುಡಿಯನ್ನು ಒಮ್ಮೆಗೇ ನಿಲ್ಲಿಸಬೇಡಿ. ಬಹಳ ದಿನ ಸ್ಟೀರಾಯ್ಡ್ ತಿಂದ ಮೈ ತನ್ನದನ್ನು ತಾನು ಮಾಡಿಕೊಳ್ಳುವುದನ್ನು ಬಿಟ್ಟಿರುತ್ತದೆ. ತಟ್ಟನೆ ನಿಲ್ಲಿಸಿದರೆ ಬಿಪಿ ಬಿದ್ದು ಪ್ರಾಣಕ್ಕೇ ಬರಬಹುದು. ಅದಕ್ಕೇ ಈ ವಾರವೇ ಅಂದದ್ದು, ಡಾಕ್ಟರು ಹಂತಹಂತವಾಗಿ ಇಳಿಸುತ್ತಾರೆ.

ಲೋಹ ಸುಟ್ಟು ಮಾಡುವ ಭಸ್ಮ ಸೇರಿದ ಔಷಧಿಗಳ ವಿಷಯವನ್ನೂ ಇಲ್ಲೇ ಹೇಳುತ್ತೇನೆ. ಇಂಟರ್ನೆಟ್‌ನಲ್ಲಿ ಮಾರುವ ಆಯುರ್ವೇದದ 193 ಔಷಧಿಗಳನ್ನು ಪರೀಕ್ಷಿಸಿದ 2008ರ ಅಧ್ಯಯನದಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಸೀಸ ಹೋಗಿ ಕೂರುವುದೇ ಮೂಳೆಯಲ್ಲಿ. ಮುಟ್ಟು ನಿಂತು ಮೂಳೆ ಸವೆಯುವಾಗ ಅದು ಮತ್ತೆ ರಕ್ತಕ್ಕೆ ಬರುತ್ತದೆ. ಆಯುರ್ವೇದದ ಚಿಕಿತ್ಸೆ ಬೇಕು ಅನ್ನುವವರು ಓದಿದ, ನೋಂದಣಿ ಇರುವ ವೈದ್ಯರ ಹತ್ತಿರ ಹೋಗಿ, ಏನು ಕೊಟ್ಟರು ಅಂತ ಹೆಸರು ಬರೆಸಿಕೊಳ್ಳಿ.

ಪ್ರಶ್ನೆ: 36ನೇ ವಯಸ್ಸಿಗೇ ಗರ್ಭಕೋಶ ತೆಗೆಸಿದ್ದೇನೆ. ಅಂಡಾಶಯ ತೆಗೆದಿದ್ದಾರೋ ಇಲ್ಲವೋ ಗೊತ್ತಿಲ್ಲ. ಈಗ 41. ಮೈ ಕೈ ನೋವು. ಅಶ್ವಗಂಧ ತಿನ್ನುತ್ತಿದ್ದೇನೆ. — ಕಲಬುರಗಿ

ಉತ್ತರ: ಮೊದಲು ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಹುಡುಕಿ. ಅದನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು. ಸಿಗದಿದ್ದರೆ ಸ್ಕ್ಯಾನಿಂಗ್ ಮತ್ತು ಹಾರ್ಮೋನಿನ ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ. ಎರಡೂ ಅಂಡಾಶಯ ತೆಗೆದಿದ್ದರೆ ನಿಮ್ಮ ಮೂಳೆ ಐದು ವರ್ಷದಿಂದ ಈಸ್ಟ್ರೋಜನ್ ಇಲ್ಲದೆ ಸವೆಯುತ್ತಿದೆ, ಹೃದಯಕ್ಕೂ ಅದು ಒಳ್ಳೆಯದಲ್ಲ. ಬೇರೆ ಅಡ್ಡಿ ಇಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೂ ಹಾರ್ಮೋನ್ ಕೊಡುವುದೇ ಸರಿಯಾದ ಕ್ರಮ. ಇಲ್ಲಿ ಯಾವ ಬೇರೂ ಅದರ ಜಾಗ ತುಂಬಲಾರದು. ಅಶ್ವಗಂಧ ಕೆಲವರಲ್ಲಿ ಥೈರಾಯ್ಡ್ ಏರಿಸುತ್ತದೆ, ಲಿವರ್ ಊದಿಸಿದ ಉದಾಹರಣೆಗಳಿವೆ. ನಿಲ್ಲಿಸಿ, ಪರೀಕ್ಷೆ ಮಾಡಿಸಿ.

ಕಲಬುರಗಿ, ಬೀದರ್ ಕಡೆಯಿಂದ ಇಂಥ ಪತ್ರ ಬಂದಾಗಲೆಲ್ಲ ಸಂಕಟವಾಗುತ್ತದೆ. ಬಿಳಿಸೆರಗಿಗೆ, ಸ್ವಲ್ಪ ಹೆಚ್ಚು ರಕ್ತಸ್ರಾವಕ್ಕೆ, ಈ ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶ ತೆಗೆಯಿರಿ ಅಂತ ಯಾರಾದರೂ ಹೇಳಿದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸದೆ ಒಪ್ಪಬೇಡಿ, ನಿಮ್ಮ ತಂಗಿಯರಿಗೂ ಹೇಳಿ.

ಪ್ರಶ್ನೆ: ಮುಟ್ಟು ನಿಂತು ನಾಲ್ಕು ವರ್ಷ. ಗಂಡನ ಜೊತೆ ಕೂಡುವಾಗ ತುಂಬಾ ಉರಿ, ಮೂತ್ರಕ್ಕೆ ಹೋದರೂ ಉರಿ. ಲೋಳೆಸರ ಹಚ್ಚುತ್ತೇನೆ. ಡಾಕ್ಟರ್ ಹತ್ತಿರ ಹೇಳಲು ನಾಚಿಕೆ. — ಊರಿನ ಹೆಸರೂ ಬೇಡ

ಉತ್ತರ: ನಾಚಿಕೆ ಬೇಡ, ಇದು ತುಂಬಾ ಸಾಮಾನ್ಯ. ಝಳ ವರ್ಷಗಳು ಕಳೆದಂತೆ ತಗ್ಗುತ್ತದೆ, ಈ ಒಣಗುವ ತೊಂದರೆ ಚಿಕಿತ್ಸೆ ಇಲ್ಲದೆ ತಗ್ಗುವುದಿಲ್ಲ. ಗಿಡದಿಂದ ಕಿತ್ತ ಲೋಳೆಸರ ಒಳಗೆ ಹಚ್ಚಬೇಡಿ. ಅದರ ಹಳದಿ ಹಾಲು ಇನ್ನೂ ಉರಿಸುತ್ತದೆ. ಕೂಡುವಾಗ ಶುದ್ಧ ಕೊಬ್ಬರಿ ಎಣ್ಣೆ ಕೆಲವರಿಗೆ ಸಾಕಾಗುತ್ತದೆ, ಕಾಂಡೋಮ್ ಬಳಸುವವರಿಗೆ ಮಾತ್ರ ಎಣ್ಣೆ ಬೇಡ, ಕಾಂಡೋಮ್ ಹರಿದುಹೋಗಬಹುದು. ಚೆನ್ನಾಗಿ ಗುಣವಾಗಲು ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ. ಮೊದಲು ಎರಡು ವಾರ ದಿನಾ, ಆಮೇಲೆ ವಾರಕ್ಕೆ ಎರಡು ಸಲ. ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಮತ್ತೆ ಮತ್ತೆ ಮೂತ್ರದ ಸೋಂಕು ಆಗುವುದನ್ನೂ ಅದು ಕಡಿಮೆ ಮಾಡುತ್ತದೆ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಕ್ರೀಮ್ ಶುರು ಮಾಡುವ ಮೊದಲೇ ಪರೀಕ್ಷೆ ಆಗಬೇಕು.

ಬಾಯಿಬಿಟ್ಟು ಹೇಳಲು ಆಗದಿದ್ದರೆ ಒಂದು ಚೀಟಿಯಲ್ಲಿ ‘ಮುಟ್ಟು ನಿಂತು ನಾಲ್ಕು ವರ್ಷ, ಒಳಗೆ ಒಣಗಿ ಉರಿ, ಮೂತ್ರ ಉರಿ’ ಅಂತ ಬರೆದು ಕೊಡಿ. ಯಾವ ಸ್ತ್ರೀರೋಗ ತಜ್ಞರಿಗೂ ಅಷ್ಟು ಸಾಕು.